ಮದುವೆ ವಿಡಿಯೊ ಉಳಿಯಬೇಕಾ? ಡಿಸ್ಕ್ ಮಿರರ್ ಮಾಡಿ

ಬಳ್ಳಾರಿಯ ಸ್ಟುಡಿಯೊದವರು ಎರಡು ಹಾರ್ಡ್ ಡಿಸ್ಕ್ ಹಿಡಿಯುವ ಡಬ್ಬಿ ಕೊಳ್ಳುತ್ತಾರೆ. ಡಿಸ್ಕ್ ಕೂರಿಸಿ, ಕೇಬಲ್ ಚುಚ್ಚಿ, ಮದುವೆ ವಿಡಿಯೊ ತುಂಬಿಸಿಬಿಡುತ್ತಾರೆ. ಒಂದು ಕೆಟ್ಟರೆ ಇನ್ನೊಂದರಲ್ಲಿ ಇದ್ದೇ ಇರುತ್ತೆ ಅನ್ನೋ ಧೈರ್ಯ. ಇರಲ್ಲ. ಬರೆದದ್ದೆಲ್ಲ ಎರಡೂ ಡಿಸ್ಕಿಗೆ ಒಟ್ಟಿಗೇ ಹೋಗುವುದಕ್ಕೆ ಮಿರರ್ ಅಂತಾರೆ. ಅದು ತಾನಾಗೇ ಆಗುವುದಿಲ್ಲ, ನಾವು ಮಾಡಬೇಕು.

ಮೊದಲು ಒಂದೇ ಅಳತೆಯ ಎರಡು ಡಿಸ್ಕ್ ತನ್ನಿ. 4 ಟಿಬಿ ಜೊತೆ 2 ಟಿಬಿ ಹಾಕಿದರೆ ಸಿಗುವ ಜಾಗ 2 ಟಿಬಿ ಮಾತ್ರ. ಅಂಗಡಿಯಲ್ಲಿ ‘ಸಿಎಂಆರ್’ (ಡೇಟಾದ ಸಾಲುಗಳನ್ನು ಪಕ್ಕಪಕ್ಕದಲ್ಲಿ ಬರೆಯುವ) ಡಿಸ್ಕನ್ನೇ ಕೇಳಿ. ಸಾಲುಗಳನ್ನು ಒಂದರ ಮೇಲೊಂದು ಹೊದಿಸಿ ಬರೆಯುವ ‘ಎಸ್‌ಎಂಆರ್’ ಅಗ್ಗ, ಆದರೆ ಮತ್ತೆ ಮತ್ತೆ ಬರೆಯುವಾಗ ತೆವಳುತ್ತದೆ. ‘ಹೊಸದರಂತೆಯೇ ಇದೆ ಸರ್’ ಅಂತ ಕೊಡುವ ಹಳೇ ಡಿಸ್ಕ್ ಮುಟ್ಟಲೇಬೇಡಿ.

ಕೂರಿಸುವುದು ಸುಲಭ, ನಾಲ್ಕು ಸ್ಕ್ರೂ ಅಷ್ಟೇ. ಕೂರಿಸುವ ಮುಂಚೆ ಪ್ರತಿ ಡಿಸ್ಕಿನ ಸೀರಿಯಲ್ ನಂಬರ್‌ನ ಕೊನೆಯ ನಾಲ್ಕು ಅಕ್ಷರ ಬರೆದು, ಆಯಾ ಖಾನೆಯ ಹೊರಗೆ ಅಂಟಿಸಿ. ಡಿಸ್ಕ್ ಕೆಟ್ಟ ದಿನ ಗಾಬರಿಯಲ್ಲಿ ಚೆನ್ನಾಗಿರುವುದನ್ನೇ ಎಳೆಯುವವರು ಬಹಳ.

ಎಲ್ಲರೂ ಎಡವುವುದು ಡಬ್ಬಿಯ ಹಿಂದಿರುವ ಪುಟ್ಟ ಸ್ವಿಚ್‌ನಲ್ಲಿ. ಸಾಮಾನ್ಯವಾಗಿ ಅಲ್ಲಿ ನಾಲ್ಕು ಮೋಡ್ ಇರುತ್ತವೆ. ಜೆಬಾಡ್‌ನಲ್ಲಿ ಎರಡು ಡಿಸ್ಕ್ ಬೇರೆ ಬೇರೆ. ಸ್ಪ್ಯಾನ್‌ನಲ್ಲಿ ಎರಡೂ ಸೇರಿ ಒಂದು ದೊಡ್ಡ ಡಿಸ್ಕ್. ರೇಡ್ 0 ಪ್ರತಿ ಫೈಲನ್ನೂ ತುಂಡು ಮಾಡಿ ಎರಡಕ್ಕೂ ಹಂಚುತ್ತದೆ. ಒಂದು ಸತ್ತರೆ ಎರಡೂ ಸತ್ತ ಹಾಗೆ. ನಮಗೆ ಬೇಕಾದ್ದು ರೇಡ್ 1, ಅದೇ ಮಿರರ್. ಸ್ವಿಚ್ ತಿರುಗಿಸಿದರಷ್ಟೇ ಸಾಲದು. ಎಷ್ಟೋ ಡಬ್ಬಿಗಳಲ್ಲಿ ಪಕ್ಕದ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಬೇಕು. ಕರೆಂಟ್ ಕೊಡುವ ಮುಂಚೆಯೋ ಆಮೇಲೋ ಅನ್ನುವುದು ಡಬ್ಬಿಯಿಂದ ಡಬ್ಬಿಗೆ ಬೇರೆ, ಹಾಗಾಗಿ ಜೊತೆಗೆ ಬಂದ ಚೀಟಿ ಎಸೆಯಬೇಡಿ. ಮೋಡ್ ಬದಲಿಸಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ತುಂಬಿದ ಡಿಸ್ಕ್ ಹಾಕಿ ‘ನೋಡೋಣ’ ಅನ್ನಬೇಡಿ.

ಈಗ ಕಂಪ್ಯೂಟರ್‌ಗೆ ಜೋಡಿಸಿ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ 4 ಟಿಬಿಯ ಜೋಡಿ ಒಂದೇ ಡಿಸ್ಕ್ ಆಗಿ, ಸುಮಾರು 3,726 ಜಿಬಿ (ವಿಂಡೋಸ್ ಲೆಕ್ಕದಲ್ಲಿ 3.6 ಟಿಬಿ) ಎಂದು ಕಾಣಬೇಕು. ಎರಡು ಕಂಡರೆ ಜೆಬಾಡ್. ಅದರ ಎರಡು ಪಟ್ಟು ಕಂಡರೆ ಖುಷಿಪಡಬೇಡಿ, ಅದು ಸ್ಪ್ಯಾನ್ ಅಥವಾ ರೇಡ್ 0. ಸರಿಯಿದ್ದರೆ ಡಿಸ್ಕಿನ ಜಾಗ ಹಂಚುವ ವಿಧಾನವಾಗಿ ಜಿಪಿಟಿ ಆರಿಸಿ (ಹಳೇ ವಿಧಾನ ಎಂಬಿಆರ್ 2 ಟಿಬಿಗೇ ನಿಂತುಬಿಡುತ್ತದೆ), ವಿಂಡೋಸ್‌ನ ಫೈಲ್ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ.

ಅಸಲಿ ವಿಡಿಯೊ ಹಾಕುವ ಮುಂಚೆ ಒಂದು ಪರೀಕ್ಷೆ. ನಾಲ್ಕು ಫೋಟೊ ಹಾಕಿ, ಆಫ್ ಮಾಡಿ, ಒಂದು ಡಿಸ್ಕ್ ತೆಗೆದು ಆನ್ ಮಾಡಿ. ಫೋಟೊ ತೆರೆಯಬೇಕು, ಎಚ್ಚರಿಕೆಯ ದೀಪವೋ ಬೀಪೋ ಬರಬೇಕು. ಮತ್ತೆ ಆಫ್ ಮಾಡಿ ಡಿಸ್ಕ್ ವಾಪಸ್ ಹಾಕಿ ಆನ್ ಮಾಡಿದರೆ ರೀಬಿಲ್ಡ್ ಶುರು, ಅಂದರೆ ಒಂದು ಡಿಸ್ಕಿನಲ್ಲಿದ್ದದ್ದು ಇನ್ನೊಂದಕ್ಕೆ ಮತ್ತೆ ನಕಲಾಗುತ್ತದೆ. ಸೆಕೆಂಡಿಗೆ 150 ಎಂಬಿ ವೇಗದಲ್ಲೂ 4 ಟಿಬಿಗೆ 7 ಗಂಟೆ ಮೇಲೆ ಬೇಕು. ಮಧ್ಯೆ ಕರೆಂಟ್ ಹೋದರೆ ಕಷ್ಟ, ಯುಪಿಎಸ್ ಇರಲಿ. ನಮ್ಮ ಬೇಸಿಗೆಯಲ್ಲಿ ಡಬ್ಬಿಯನ್ನು ಕಪಾಟಿನೊಳಗೆ ಮುಚ್ಚಿಡಬೇಡಿ. ಫ್ಯಾನಿಗೆ ಕೂತ ಧೂಳನ್ನೂ ಆಗಾಗ ಬ್ರಷ್‌ನಿಂದ ತೆಗೆಯಿರಿ.

ಹುಡುಗರು ತಪ್ಪಿ ಫೋಲ್ಡರ್ ಡಿಲೀಟ್ ಮಾಡಿದರೆ ಎರಡು ಡಿಸ್ಕಿನಿಂದಲೂ ಹೋಗುತ್ತದೆ, ವೈರಸ್ ಬಂದರೂ ಅಷ್ಟೇ. ಅದಕ್ಕೆ ಇನ್ನೊಂದು ಪ್ರತಿ ಇಡಲು ಮೂರನೇ ಡಿಸ್ಕ್ ಒಂದು ಬೇಕು. ಅದು ಸ್ಟುಡಿಯೊದಲ್ಲಿ ಬೇಡ, ಮನೆಯಲ್ಲಿರಲಿ.