ದೃಷ್ಟಿ ದೌರ್ಬಲ್ಯವಿರುವ ಮಗುವಿಗೆ ಮಲೆನಾಡಿನ ಶಾಲೆಯಲ್ಲಿ ನೆರವು ಒದಗಿಸುವ ಬಗೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಒಳಹಳ್ಳಿಗಳ ಶಾಲೆಗೆ ಕಣ್ಣು ಸರಿಯಾಗಿ ಕಾಣದ ಮಗುವೊಂದು ಬಂದಾಗ, ಅದನ್ನು ಪಟ್ಟಣದ ವಸತಿ ಶಾಲೆಗೆ ಸೇರಿಸುವಂತೆ ಪಾಲಕರಿಗೆ ಹೇಳಿಬಿಡುವುದು ಸುಲಭ. ಆದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ, ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವ 6ರಿಂದ 18 ವರ್ಷದೊಳಗಿನ ಮಗು ನೆರೆಯ ಶಾಲೆಯಲ್ಲಾಗಲಿ, ತಾನು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಓದಬಹುದು. ಆ ಆಯ್ಕೆ ಮಗುವಿನದು ಮತ್ತು ಮನೆಯವರದು. ಮಗು ನಿಮ್ಮ ಶಾಲೆಯಲ್ಲೇ ಉಳಿಯುವುದೆಂದು ನಿರ್ಧಾರವಾದರೆ, ಮೊದಲ ಹೆಜ್ಜೆಯನ್ನು ತರಗತಿ ಶಿಕ್ಷಕರೇ ಇಡಬೇಕಾಗುತ್ತದೆ.

ಆ ಹೆಜ್ಜೆ ಅರ್ಜಿಯಲ್ಲ, ಗಮನಿಸುವುದು. ಮಗು ಪುಸ್ತಕವನ್ನು ಮೂಗಿನ ಹತ್ತಿರಕ್ಕೆ ಹಿಡಿಯುತ್ತದೆಯೇ, ತಲೆಯನ್ನು ಒಂದೇ ಕಡೆಗೆ ವಾಲಿಸುತ್ತದೆಯೇ, ಬಿಸಿಲಿಗೆ ಬಂದರೆ ಕಣ್ಣು ಕಿರಿದು ಮಾಡುತ್ತದೆಯೇ, ಮಬ್ಬುಗತ್ತಲಲ್ಲಿ ಎಡವುತ್ತದೆಯೇ ಎಂಬುದನ್ನು ಒಂದು ವಾರ ನೋಡಿ ಬರೆದಿಡಿ. ಪೂರ್ತಿ ಕಾಣದ ಮಕ್ಕಳಿಗಿಂತ ಸ್ವಲ್ಪ ಕಾಣುವ ಮಕ್ಕಳೇ ಹೆಚ್ಚಾಗಿ ನಮ್ಮ ಗಮನಕ್ಕೆ ಬಾರದೆ ಹೋಗುತ್ತಾರೆ, ಏಕೆಂದರೆ ಓಡಾಡುವಷ್ಟು ಕಾಣುವ ಮಗುವಿಗೆ ಕರಿಹಲಗೆ ಕಾಣುತ್ತಿಲ್ಲವೆಂದು ಯಾರಿಗೂ ಹೊಳೆಯುವುದಿಲ್ಲ. ದಡ್ಡ, ಸೋಮಾರಿ ಎಂಬ ಹೆಸರು ಮಾತ್ರ ಅಂಟಿಕೊಳ್ಳುತ್ತದೆ.

ಬಳಿಕ ಕಣ್ಣಿನ ವೈದ್ಯರಲ್ಲಿ ತೋರಿಸಬೇಕು. ಕನ್ನಡಕದಿಂದ ಸರಿಹೋಗುವ ತೊಂದರೆಯಾದರೆ ಅಲ್ಲಿಗೆ ಮುಗಿಯಿತು. ಕನ್ನಡಕ ಹಾಕಿದ ಮೇಲೂ ಉತ್ತಮ ಕಣ್ಣಿನ ದೃಷ್ಟಿ 6/18ಕ್ಕಿಂತ (ಸಾಮಾನ್ಯ ಕಣ್ಣು 18 ಮೀಟರಿನಿಂದ ಓದುವ ಅಕ್ಷರವನ್ನು 6 ಮೀಟರಿನಿಂದ ಓದುವಷ್ಟು) ಕಡಿಮೆಯಿದ್ದು 3/60ರವರೆಗೆ ಇದ್ದರೆ ಕಾಯ್ದೆ ಅದನ್ನು ಮಂದದೃಷ್ಟಿ ಎನ್ನುತ್ತದೆ. ಅದಕ್ಕೂ ಕಡಿಮೆಯಾದರೆ ಅಂಧತ್ವ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ ಯುಡಿಐಡಿ ಕಾರ್ಡ್ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಪಡೆಯುವಂತೆ ಪಾಲಕರಿಗೆ ತಿಳಿಸಿ. ಸಂತೆಯ ದಿನ ಬಿಟ್ಟರೆ ಊರು ದಾಟದ ಮನೆಯವರಿಗೆ ಇದು ದೊಡ್ಡ ಓಡಾಟ, ಆದ್ದರಿಂದ ಯಾವ ದಾಖಲೆ ಬೇಕೆಂಬುದನ್ನು ಮುಂಚಿತವಾಗಿ ಬರೆದುಕೊಟ್ಟರೆ ಒಂದು ದಿನದ ಕೂಲಿಯಾದರೂ ಉಳಿಯುತ್ತದೆ.

ದಾಖಲೆ ಕೈಗೆ ಬಂದ ಕೂಡಲೇ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಲಿಖಿತ ಮನವಿ ಕೊಡಿ. ಬಾಯಿಮಾತಿನಲ್ಲಿ ಕೇಳಿದ್ದು ಬಾಯಲ್ಲೇ ಉಳಿಯುತ್ತದೆ. ಸಮಗ್ರ ಶಿಕ್ಷಣ ಯೋಜನೆಯಡಿ ಅಲ್ಲಿ ಬಿಐಇಆರ್‌ಟಿ ಎಂಬ, ವಿಕಲಚೇತನ ಮಕ್ಕಳ ಕಲಿಕೆಗೆ ನೆರವಾಗುವ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಸಾಧನ ಸಲಕರಣೆ, ಪ್ರಯಾಣ ಭತ್ಯೆ, ಬೆಂಗಾವಲು ಭತ್ಯೆ, ಓದಿ ಹೇಳುವವರ ಭತ್ಯೆ, ಹೆಣ್ಣುಮಕ್ಕಳ ಶಿಷ್ಯವೇತನ ಇವೆಲ್ಲವನ್ನೂ ಒಂದೊಂದಾಗಿ ಹೆಸರಿಸಿ ಕೇಳಬೇಕು. ಬ್ರೈಲ್ ಪಠ್ಯಪುಸ್ತಕ ಬೇಕಾದರೆ ಹಿಂದಿನ ಶೈಕ್ಷಣಿಕ ವರ್ಷ ಮುಗಿಯುವ ಮೊದಲೇ ಬೇಡಿಕೆ ಸಲ್ಲಿಸಿ, ಜೂನ್‌ನಲ್ಲಿ ಕೇಳಿದರೆ ಪುಸ್ತಕ ಬರುವಷ್ಟರಲ್ಲಿ ಪಾಠಗಳು ಮುಂದೆ ಹೋಗಿರುತ್ತವೆ.

ಮಂದದೃಷ್ಟಿಯ ಮಗುವಿಗೆ ಖರ್ಚಿಲ್ಲದ ಏರ್ಪಾಡುಗಳೇ ಹೆಚ್ಚು ಉಪಯುಕ್ತ. ಮನೆಯ ವ್ಯಾಸಪೀಠದ ಮೇಲೆ ಪುಸ್ತಕವಿಟ್ಟರೆ ಬೆನ್ನು ಬಾಗುವುದಿಲ್ಲ. ದಪ್ಪ ಗೆರೆಯ ನೋಟ್‌ಬುಕ್, ಕಪ್ಪು ಮಾರ್ಕರ್, ದೊಡ್ಡಕ್ಷರದ ಪ್ರತಿ ಕೊಡಿ. ಅಕ್ಷರದ ಗಾತ್ರವನ್ನು ನೀವೇ ತೀರ್ಮಾನಿಸದೆ ಎರಡು ಮೂರು ಗಾತ್ರದಲ್ಲಿ ಓದಿಸಿ ಮಗುವನ್ನೇ ಕೇಳಿ. ಹಲಗೆಯ ಮೇಲೆ ಬರೆಯುವಾಗ ಪ್ರತಿ ಪದವನ್ನೂ ಗಟ್ಟಿಯಾಗಿ ಹೇಳುವುದನ್ನು ರೂಢಿಸಿಕೊಳ್ಳಿ. “ಇದನ್ನು ಇದರಿಂದ ಕಳೆಯಿರಿ” ಎಂಬ ಮಾತಿನಿಂದ ಆ ಮಗುವಿಗೆ ಏನೂ ತಿಳಿಯದು.

ಏನೂ ಕಾಣದ ಮಗುವಿಗೆ ಪರದೆಯ ಬರಹವನ್ನು ಓದಿ ಹೇಳುವ ಮೊಬೈಲಿನ ಟಾಕ್‌ಬ್ಯಾಕ್ ಇದೆಯಲ್ಲ, ಬ್ರೈಲ್ ಏಕೆ ಎಂದು ಕೇಳುವವರಿದ್ದಾರೆ. ಈ ವಾದವನ್ನು ನಾನು ಒಪ್ಪುವುದಿಲ್ಲ. ಕೇಳಿ ಮಾತ್ರ ಕಲಿತವರಿಗೆ ಒತ್ತಕ್ಷರ, ಅಲ್ಪಪ್ರಾಣ, ಮಹಾಪ್ರಾಣಗಳ ಕಾಗುಣಿತ ಕೈಗೆ ಹತ್ತುವುದು ಕಷ್ಟ. ಗಣಿತಕ್ಕಂತೂ ಬೆರಳಿಗೆ ಸಿಗುವ ಬರಹ, ಟೇಲರ್ ಫ್ರೇಮ್ (ಅಂಕಿಗಳ ಮೊಳೆಗಳನ್ನು ಜೋಡಿಸಿ ಲೆಕ್ಕ ಮಾಡುವ ಹಲಗೆ), ಅಬಾಕಸ್ ಬೇಕೇ ಬೇಕು. ಮೊಬೈಲು ಜೊತೆಗಿರಲಿ. ಬ್ರೈಲ್ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿದರೆ ಚುಕ್ಕಿಗಳು ಅಪ್ಪಚ್ಚಿಯಾಗುತ್ತವೆ. ಆದ್ದರಿಂದ ನೆಟ್ಟಗೆ ನಿಲ್ಲಿಸಿ, ಮಳೆಗಾಲದ ಥಂಡಿ ತಾಗದ ಕಪಾಟಿನಲ್ಲಿಡಿ.

ಮಳೆಗಾಲಕ್ಕೆ ಬೇರೆ ಸಿದ್ಧತೆಯೂ ಬೇಕು. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ, ಕಿವಿಯನ್ನೇ ನಂಬಿದ ಮಗುವಿಗೆ ಪಾಠವೂ ಇಲ್ಲವಾಗುತ್ತದೆ. ಅಂಥ ಹೊತ್ತಿನಲ್ಲಿ ಅದನ್ನು ನಿಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳಿ ಅಥವಾ ಆ ಅವಧಿಯನ್ನು ಬ್ರೈಲ್ ಓದಿಗೆ ಬಿಡಿ. ಕರೆಂಟು ಹೋದಾಗ ಮಂದದೃಷ್ಟಿಯವರಿಗೆ ಚಾರ್ಜ್ ಆಗುವ ದೀಪವೊಂದಿರಲಿ. ದಾರಿಯಲ್ಲಿ ಕಾಲುಸಂಕವಿದ್ದರೆ ಜೊತೆಗಾರ ಸಹಪಾಠಿಯ ಮೇಲೆ ಹೊಣೆ ಹೊರಿಸಬಾರದು. ಬೆಂಗಾವಲು ಭತ್ಯೆಯನ್ನು ತೋರಿಸಿ ಹಿರಿಯರೊಬ್ಬರನ್ನು ಗೊತ್ತುಮಾಡಿ.

ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಬರಹಗಾರರ ನೆರವು ಮತ್ತು ಹೆಚ್ಚುವರಿ ಸಮಯಕ್ಕಾಗಿ ಮುಖ್ಯ ಶಿಕ್ಷಕರ ಮೂಲಕ, ಮಂಡಲಿಯ ಆ ವರ್ಷದ ಸುತ್ತೋಲೆಯನ್ನು ಓದಿಕೊಂಡು ಅರ್ಜಿ ಹಾಕಬೇಕು. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದು ಹೇಳಿತ್ತು. ಅನುಮತಿ ಸಿಕ್ಕರೆ ಸಾಲದು: ರೇಖಾಗಣಿತದ ಚಿತ್ರವನ್ನು ಬಾಯಲ್ಲಿ ಹೇಳಿ ಬರೆಸುವುದು ರೂಢಿಯಿಲ್ಲದೆ ಬರುವ ವಿದ್ಯೆಯಲ್ಲ. ಒಂಬತ್ತನೇ ತರಗತಿಯ ಕಿರುಪರೀಕ್ಷೆಗಳಿಂದಲೇ ಬೇರೆ ಬೇರೆ ಮಕ್ಕಳನ್ನು ಬರಹಗಾರರನ್ನಾಗಿ ಕೂರಿಸಿ, ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿಸಿ.