ತುಮಕೂರಿನಲ್ಲೇ ಕೂತು ಕಡಲ ಮೀನಿನ ಕಿವಿಗಲ್ಲು ನೋಡುವುದು

ನನಗೆ ಬೇಕಾಗುವುದು ಮೀನಿನ ತಲೆ ಮಾತ್ರ. ಮಂಗಳೂರು, ಮಲ್ಪೆ ಕಡೆಯ ಬಂಗುಡೆ, ಅಂಜಲ್, ಕಲ್ಲೂರು ಮೀನುಗಳು ಐಸ್ ಬಾಕ್ಸ್‌ನಲ್ಲಿ ತುಮಕೂರಿಗೆ ಬರುತ್ತವೆ. ತಲೆ ಬೇಡ ಅನ್ನುವ ಗಿರಾಕಿಗಳೇ ಜಾಸ್ತಿ. ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವನು ಅಂತ ಅಂಗಡಿಯವರಿಗೆ ಗೊತ್ತು. "ಮೇಷ್ಟ್ರೇ, ಕಲ್ಲೂರು ಬಂದಿದೆ, ಕತ್ತರಿಸೋಕೆ ಮುಂಚೆ ಅಳೆದ್ಕೊಳ್ಳಿ" ಅಂತ ಅವರೇ ಕರೆಯುತ್ತಾರೆ. ಮೂತಿಯಿಂದ ಬಾಲದ ತುದಿವರೆಗೆ ಉದ್ದ, ಆಮೇಲೆ ತೂಕ. ಇಷ್ಟು ಬರೆದುಕೊಳ್ಳದೆ ತಲೆಯಿಂದ ತೆಗೆದ ಕಿವಿಗಲ್ಲು ಸುಮ್ನೆ ಒಂದು ಕಲ್ಲು ಅಷ್ಟೇ.

ಮೀನಿನ ಒಳಕಿವಿಯಲ್ಲಿ ಮೂರು ಜೊತೆ ಕಲ್ಲುಗಳಿರುತ್ತವೆ. ಒಟೊಲಿತ್ ಅಂತ ಹೆಸರು. ಅವು ಮೂಳೆಯಲ್ಲ, ಹೆಚ್ಚಿನಂಶ ಕ್ಯಾಲ್ಸಿಯಂ ಕಾರ್ಬೊನೇಟ್. ಕಡಲ ಮೀನುಗಳಲ್ಲಿ ಸಾಮಾನ್ಯವಾಗಿ ಸ್ಯಾಜಿಟ್ಟಾ ಅನ್ನುವುದೇ ದೊಡ್ಡದು. ಕಿವಿರು ಕಿತ್ತು, ತಲೆಯನ್ನು ಮಗುಚಿ, ಮೆದುಳಿನ ಗೂಡಿನ ತಳವನ್ನು ಚಾಕುವಿನ ತುದಿಯಿಂದ ಬಿಡಿಸಿದರೆ ಎರಡೂ ಕಡೆ ಸಿಗುತ್ತದೆ. ಕಲಿಯುವವರು ಕಲ್ಲೂರಿನಿಂದಲೇ ಶುರು ಮಾಡಬೇಕು. ಅದರ ಕಲ್ಲು ದಪ್ಪ, ಗಟ್ಟಿ. ಒಳಮೈಯನ್ನು ಓರೆ ಬೆಳಕಿಗೆ ಹಿಡಿದರೆ ಗೊದಮೊಟ್ಟೆಯಂಥ ಗುರುತು ಎದ್ದು ಕಾಣುತ್ತದೆ: ಅಗಲ ತಲೆ, ಬಾಗಿದ ಬಾಲ. ಈ ಗುರುತು ಸಿಕ್ಕಿದರೆ ಕಲ್ಲೂರಿನ ಕುಟುಂಬ ಅಂತ ಧೈರ್ಯವಾಗಿ ಹೇಳಬಹುದು. ಬಂಗುಡೆಯದು ಕೆಲವೇ ಮಿಲಿಮೀಟರ್, ತೆಳು. ಚಿಮಟ ಸ್ವಲ್ಪ ಬಿಗಿಯಾದರೂ ಮುರಿಯುತ್ತದೆ.

ತುಮಕೂರಿನಲ್ಲಿ ಒಂದು ಅನುಕೂಲ ಇದೆ. ಅದೇ ಅಂಗಡಿಯಲ್ಲಿ ಕೆರೆಯ ಕಾಟ್ಲಾ, ರೋಹುವೂ ಸಿಗುತ್ತವೆ. ಇವುಗಳಲ್ಲಿ ಸ್ಯಾಜಿಟ್ಟಾ ತೀರಾ ಸಣ್ಣ, ಚೂಪು, ಆಸ್ಟರಿಸ್ಕಸ್ ಅನ್ನುವ ಇನ್ನೊಂದು ಜೊತೆ ಕಲ್ಲು ದೊಡ್ಡದು. ಈಜುಚೀಲದಿಂದ ಒಳಕಿವಿಗೆ ಸದ್ದು ಮುಟ್ಟಿಸುವ ಪುಟ್ಟ ಮೂಳೆಗಳ ಸಾಲೂ ಇವಕ್ಕಿದೆ. ಹಲ್ಲುಗಳಲ್ಲೂ ಅಷ್ಟೇ ವ್ಯತ್ಯಾಸ. ಅಂಜಲ್‌ನ ದವಡೆಯಲ್ಲಿ ಚಪ್ಪಟೆ ತ್ರಿಕೋನದ ಹಲ್ಲುಗಳು ಒಂದೇ ಸಾಲಿನಲ್ಲಿ. ರೋಹು ಬಾಯಲ್ಲಿ ಹಲ್ಲೇ ಇಲ್ಲ, ಗಂಟಲಿನಲ್ಲಿವೆ! ಎರಡನ್ನೂ ಪಕ್ಕಪಕ್ಕ ಇಟ್ಟರೆ ಹುಡುಗರು ತಾವೇ ಪ್ರಶ್ನೆ ಕೇಳೋಕೆ ಶುರು ಮಾಡುತ್ತಾರೆ.

ದವಡೆಗಳನ್ನು ಕುದಿಸುವುದಿಲ್ಲ. ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಡಿಟರ್ಜೆಂಟ್ ಹಾಕಿ ನೆನೆಸಿ, ಹಳೇ ಟೂತ್‌ಬ್ರಶ್‌ನಿಂದ ಮೆತ್ತಗೆ ಉಜ್ಜುತ್ತೇನೆ. ಕಿವಿಗಲ್ಲಿಗೆ ಬರೀ ನೀರು ಸಾಕು. ಕಾಲೇಜಿನ ಫಾರ್ಮಲಿನ್ ಬಾಟಲಿಯ ಮೀನನ್ನು ಇದಕ್ಕೆ ಬಳಸುವುದಿಲ್ಲ. ಹಳೆಯ ಫಾರ್ಮಲಿನ್ ಆಮ್ಲೀಯವಾಗಿ ಕಲ್ಲನ್ನೇ ತಿಂದುಹಾಕುತ್ತದೆ.

ಕಪ್ಪು ಕಾಗದದ ಮೇಲೆ ಗಾಜಿನ ತಟ್ಟೆ ಇಟ್ಟು, ಕಲ್ಲು ಮುಳುಗುವಷ್ಟು ನೀರು ಹಾಕಿ, ಮೇಲಿನಿಂದ ಬೆಳಕು ಬಿಟ್ಟರೆ ಬಿಳಿ, ಕಪ್ಪು ಪಟ್ಟೆಗಳು ಕಾಣುತ್ತವೆ. ತಣ್ಣನೆ ಕಡಲಿನ ಎಷ್ಟೋ ಮೀನುಗಳಲ್ಲಿ ಇವನ್ನೇ ಎಣಿಸಿ ವಯಸ್ಸು ಹೇಳುತ್ತಾರೆ. ನಮ್ಮ ಬೆಚ್ಚನೆಯ ಕಡಲಿನ ಮೀನುಗಳಲ್ಲಿ ವರ್ಷದ ಪಟ್ಟೆ ಅನೇಕ ಸಲ ಸ್ಪಷ್ಟವಾಗಿರುವುದಿಲ್ಲ. ಒಟೊಲಿತ್‌ನಲ್ಲಿ ದಿನಕ್ಕೊಂದು ಉಂಗುರ ಮೂಡುತ್ತದೆ ಅಂತ ಪ್ಯಾನೆಲ್ಲಾ ಅನ್ನುವ ವಿಜ್ಞಾನಿ 1971ರಲ್ಲಿ ತೋರಿಸಿದರು. ಅದನ್ನು ಎಣಿಸಬೇಕಾದರೆ ಸ್ಲೈಡಿಗೆ ಅಂಟಿಸಿ, ನಯವಾದ ವಾಟರ್ ಪೇಪರ್‌ನಲ್ಲಿ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ) ಉಜ್ಜಿ ತೆಳ್ಳಗೆ ಮಾಡಬೇಕು. ಮರಿ ಮೀನಿನಲ್ಲಿ ಚೆನ್ನಾಗಿ ಕಾಣುತ್ತದೆ, ದೊಡ್ಡದರಲ್ಲಿ ಅಂಚಿನ ಉಂಗುರಗಳು ಒತ್ತೊತ್ತಾಗಿಬಿಡುತ್ತವೆ. ಅದಕ್ಕೇ ಬಂಗುಡೆ ತಂದು ವಯಸ್ಸು ಹೇಳಿ ಅಂದವರಿಗೆ ನಾನು ಉದ್ದ, ತೂಕ ಮಾತ್ರ ಹೇಳುತ್ತೇನೆ.

ತೊರಕೆ ಸಿಕ್ಕಿದರೆ ಕಿವಿಗಲ್ಲು ಹುಡುಕಬೇಡಿ, ಅದರಲ್ಲಿ ಪುಡಿಯಂಥ ಕಣಗಳಷ್ಟೇ ಇರುತ್ತವೆ. ದವಡೆಯನ್ನು ಇಡಿಯಾಗಿ ಬಿಡಿಸಿ ನೆರಳಲ್ಲಿ ಒಣಗಿಸಿ. ಹಲ್ಲುಗಳ ಜೋಡಣೆ ಹಾಗೇ ಉಳಿಯುತ್ತದೆ.