ಶೆಡ್ಡಿನ ಮಕ್ಕಳನ್ನು ಶಾಲೆಗೆ ಸೇರಿಸಿದ ನನ್ನ ಅನುಭವ

ಆ ಹುಡುಗಿಯನ್ನು ನಾನು ಮೊದಲು ನೋಡಿದ್ದು 2019ರ ನವೆಂಬರಿನಲ್ಲಿ, ಬೆಂಗಳೂರಿನ ಹೊರವಲಯದ ಒಂದು ಅಪಾರ್ಟ್‌ಮೆಂಟ್ ಕಾಮಗಾರಿಯ ಪಕ್ಕ. ಕಂಕುಳಲ್ಲಿ ತಮ್ಮ, ಕೈಯಲ್ಲಿ ಇದ್ದಿಲ ಚೂರು. ಶೆಡ್ಡಿನ ತಗಡಿನ ಮೇಲೆ ಅ, ಆ, ಇ, ಈ ಎಂದು ದುಂಡಗೆ ಬರೆದು ‘ಋ’ ಹತ್ತಿರ ನಿಲ್ಲಿಸಿದ್ದಳು. ಮುಂದಿನದನ್ನು ಬರೆ ಎಂದೆ. “ಅಷ್ಟರಲ್ಲಿ ಊರು ಬಿಟ್ಟೆವು” ಎಂದಳು. ಅವಳು ಕಂಡದ್ದು ಮೂರು ಊರು, ಮೂರು ಶಾಲೆ. ಎಲ್ಲಿಗೆ ಹೋದರೂ ಮೊದಲಿನಿಂದ ಶುರು, ‘ಋ’ ಬರುವಷ್ಟರಲ್ಲಿ ಗಂಟುಮೂಟೆ.

ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕೆಲಸ ಅರಸಿ ಬರುವ ಕುಟುಂಬಗಳ ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸುವ ಕೆಲಸಕ್ಕೆ ನಾನು ಆಗಲೇ ಕೆಲವು ವರ್ಷಗಳಿಂದ ಓಡಾಡುತ್ತಿದ್ದೆ. ಆದರೂ ಈ ಹುಡುಗಿಯ ವಿಷಯದಲ್ಲಿ ಮೊದಲ ದಿನ ಹತ್ತಿರದ ಶಾಲೆಗೆ ಬರಿಗೈಯಲ್ಲಿ ಹೋಗಿ ಬರಿಗೈಯಲ್ಲೇ ಬಂದೆ. ಟಿ.ಸಿ. ಎಲ್ಲಿ, ಆಧಾರ್ ಎಲ್ಲಿ, ಹುಟ್ಟಿದ ದಿನಾಂಕದ ದಾಖಲೆ ಎಲ್ಲಿ, ವಿಳಾಸ ಯಾವುದು? ಕೊನೆಗೆ, “ನವೆಂಬರ್ ಆಯಿತಲ್ಲ, ಜೂನ್‌ಗೆ ಕರೆತನ್ನಿ.” ಜೂನ್‌ನಲ್ಲಿ ಈ ಕುಟುಂಬ ಎಲ್ಲಿರುತ್ತದೆ ಎಂಬುದು ಮೇಸ್ತ್ರಿಗೂ ಗೊತ್ತಿರಲಿಲ್ಲ.

ಆ ರಾತ್ರಿ ಕುಳಿತು ಶಿಕ್ಷಣ ಹಕ್ಕು ಕಾಯ್ದೆಯ ನಾಲ್ಕು ಸೆಕ್ಷನ್‌ಗಳನ್ನು ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಂಡೆ. 2009ರಲ್ಲಿ ಆದ ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ಅನ್ವಯಿಸುತ್ತದೆ. ಸೆಕ್ಷನ್ 5: ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ತಡೆಯುವಂತಿಲ್ಲ. ಸೆಕ್ಷನ್ 14: ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸುವಂತಿಲ್ಲ. ಸೆಕ್ಷನ್ 15: ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ಸೆಕ್ಷನ್ 9: ವಲಸೆ ಬಂದವರ ಮಕ್ಕಳ ಪ್ರವೇಶವನ್ನು ಖಚಿತಪಡಿಸುವುದು ಸ್ಥಳೀಯ ಸಂಸ್ಥೆಯ ಹೊಣೆ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರಿನಲ್ಲಿ ಹೇಳಿದೆ.

ಮರುದಿನ ಆ ಹಾಳೆಯನ್ನು ಮೇಜಿನ ಮೇಲಿಟ್ಟು, “ಆಗುವುದಿಲ್ಲ ಎನ್ನುವುದಾದರೆ ಕಾರಣವನ್ನು ಇದರ ಹಿಂದೆಯೇ ಬರೆದುಕೊಡಿ” ಎಂದು ಕೇಳಿದೆ. ಯಾರೂ ಬರೆದುಕೊಡುವುದಿಲ್ಲ. ಇಷ್ಟು ವರ್ಷಗಳಲ್ಲಿ ಒಬ್ಬರೂ ಬರೆದುಕೊಟ್ಟಿಲ್ಲ. ಆದರೆ ಆ ಮಾತಿನ ನಂತರ ಮುಖ್ಯಶಿಕ್ಷಕರು ಕುರ್ಚಿ ಎಳೆದು ನನ್ನನ್ನು ಕೂರಿಸಿ ತಮ್ಮ ನಿಜವಾದ ಕಷ್ಟ ಹೇಳಿಕೊಂಡರು. ಮಗುವಿನ ಹೆಸರು ವಿದ್ಯಾರ್ಥಿಗಳ ದಾಖಲಾತಿಯ ವಿವರ ಇಡುವ ಎಸ್‌ಎಟಿಎಸ್ ತಂತ್ರಾಂಶದಲ್ಲಿ ಹಳೆಯ ಶಾಲೆಯಲ್ಲೇ ಉಳಿದಿರುತ್ತದೆ. ಅಲ್ಲಿಂದ ಬಿಡುಗಡೆಯಾಗದೆ ಇಲ್ಲಿ ಹೊಸದಾಗಿ ಸೇರಿಸಿದರೆ ಒಂದೇ ಮಗು ಎರಡು ಕಡೆ ಲೆಕ್ಕಕ್ಕೆ ಬರುತ್ತದೆ, ವಿವರಣೆ ಕೊಡಬೇಕಾದವರು ಅವರು. ಅದು ನ್ಯಾಯವಾದ ಭಯವೇ. ಹಳೆಯ ಶಾಲೆಗೆ ಅಲ್ಲಿಂದಲೇ ಫೋನ್ ಮಾಡಿದೆವು. ಇಬ್ಬರು ಮುಖ್ಯಶಿಕ್ಷಕರು ಹತ್ತು ನಿಮಿಷ ಮಾತನಾಡಿದ್ದರಿಂದ ಆದ ಕೆಲಸ ನನ್ನ ನಾಲ್ಕು ಅರ್ಜಿಗಳಿಂದಲೂ ಆಗುತ್ತಿರಲಿಲ್ಲ. ಅಂದಿನಿಂದ ನಾನು ಮೊದಲು ಕೇಳುವುದು ಹಳೆಯ ಶಾಲೆಯ ಹೆಸರನ್ನು.

ವಯಸ್ಸಿನ ಪ್ರಶ್ನೆ ಬಂದಾಗ ತಾಯಿ, “ಹೊಳೆ ಬಂದು ಊರು ಮುಳುಗಿತಲ್ಲ, ಆ ವರ್ಷ ಹುಟ್ಟಿದವಳು” ಎಂದಳು. ಅಂದರೆ 2009ರ ಪ್ರವಾಹ. ಹತ್ತು ವರ್ಷ. ತಾಯಿಯ ಘೋಷಣೆಯನ್ನು ಬರೆಸಿ ಹೆಬ್ಬೆಟ್ಟು ಒತ್ತಿಸಿದೆವು.

ಅಕ್ಷರವೇ ಪೂರ್ತಿ ಬಾರದವಳನ್ನು ಒಂದನೇ ತರಗತಿಯಲ್ಲಿ ಕೂರಿಸೋಣ ಎಂದರು. ನಾನು ಒಪ್ಪಲಿಲ್ಲ. ಸೆಕ್ಷನ್ 4ರ ಪ್ರಕಾರ ವಯಸ್ಸಿಗೆ ತಕ್ಕ ತರಗತಿ, ಜೊತೆಗೆ ವಿಶೇಷ ತರಬೇತಿ. ಕಾನೂನು ಒಂದು ಕಡೆಗಿರಲಿ, ಹತ್ತು ವರ್ಷದ ಹುಡುಗಿಯನ್ನು ಆರು ವರ್ಷದವರ ನಡುವೆ ಕೂರಿಸಿದರೆ ಅವಳು ಮೂರನೆಯ ದಿನ ಬರುವುದಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಐದನೇ ತರಗತಿಯ ಹಾಜರಿ ಪುಸ್ತಕದಲ್ಲಿ ಹೆಸರು ಬಂತು. ದಿನಕ್ಕೆ ಒಂದು ಗಂಟೆ, ಚಿಕ್ಕ ತರಗತಿಯವರಿಗೆ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಕೊಠಡಿಯಲ್ಲಿ ಓದು.

ಆದರೂ ಎರಡನೆಯ ವಾರವೇ ಅವಳು ಶಾಲೆಗೆ ಬರಲಿಲ್ಲ. ಶೆಡ್ಡಿಗೆ ಹೋದರೆ ತಮ್ಮ ಅವಳ ಮಡಿಲಲ್ಲಿ ನಿದ್ದೆ ಹೋಗಿದ್ದ. ತಾಯಿ ಕಲ್ಲು ಹೊರಲು ಹೋದರೆ ಮೂರೂವರೆ ವರ್ಷದ ಮಗುವನ್ನು ನೋಡಿಕೊಳ್ಳುವವರು ಯಾರು? ಶಾಲೆಯ ಗೇಟಿನ ಮುಂದೆ ಅಷ್ಟು ಗುದ್ದಾಡಿದ ನಾನು ಈ ಮಗುವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಹತ್ತಿರದ ಅಂಗನವಾಡಿ ಕಾರ್ಯಕರ್ತೆಯನ್ನು ಕಂಡು ಬೇಡಿಕೊಂಡೆ. ಆಕೆ ಒಂದು ಮಾತೂ ಎದುರಾಡದೆ ಅವನನ್ನು ಎತ್ತಿಕೊಂಡರು. ತಮ್ಮ ಅಂಗನವಾಡಿಗೆ ಹೋದ ದಿನದಿಂದ ಅಕ್ಕನ ಹಾಜರಿ ತಪ್ಪಲಿಲ್ಲ. ಈಗ ಶೆಡ್ಡಿಗೆ ಹೋದಾಗ ಶಾಲೆಯ ವಯಸ್ಸಿನ ಮಕ್ಕಳನ್ನು ಎಣಿಸುವ ಮೊದಲು ಅವರ ತಮ್ಮ ತಂಗಿಯರನ್ನು ಎಣಿಸುತ್ತೇನೆ.

ಫೆಬ್ರುವರಿಯಲ್ಲಿ ಸ್ಲ್ಯಾಬ್ ಕೆಲಸ ಮುಗಿಯುತ್ತದೆ ಎಂದು ಮೇಸ್ತ್ರಿ ಹೇಳಿದ ದಿನವೇ ಒಂದು ಪ್ಲಾಸ್ಟಿಕ್ ಚೀಲ ಸಿದ್ಧಮಾಡಿದೆ. ಮಳೆ ನೀರು ಇಳಿಯದಂಥದ್ದು. ಅದರೊಳಗೆ ದಾಖಲಾತಿಯ ನಕಲು, ಎಸ್‌ಎಟಿಎಸ್ ಸಂಖ್ಯೆ, ಎರಡೂ ಶಾಲೆಗಳ ಹೆಸರು, ತಾಯಿಯ ಘೋಷಣೆ, ಆ ಹಾಳೆ, ನನ್ನ ಫೋನ್ ನಂಬರ್. ತರಗತಿಯ ಶಿಕ್ಷಕಿ ತಾವಾಗಿಯೇ ಒಂದು ಚೀಟಿ ಬರೆದು ಸೇರಿಸಿದರು: “ಒತ್ತಕ್ಷರದವರೆಗೆ ಓದುತ್ತಾಳೆ. ದಯವಿಟ್ಟು ಅಲ್ಲಿಂದ ಮುಂದುವರಿಸಿ.” ಮಕ್ಕಳನ್ನು ಸೇರಿಸುವುದು ಅರ್ಧ ಕೆಲಸ, ಕಲಿತದ್ದು ಅವರ ಜೊತೆಯಲ್ಲೇ ಮುಂದಿನ ಊರಿಗೆ ದಾಟಬೇಕು.

ಮಾರ್ಚ್‌ನಲ್ಲಿ ಕೋವಿಡ್ ಬಂತು. ಅವರು ಊರಿಗೆ ಹೋದರೆಂದು ಮಾತ್ರ ತಿಳಿಯಿತು. ಮೇಸ್ತ್ರಿಯ ನಂಬರೂ ಸ್ಥಗಿತವಾಯಿತು. ಶಾಲೆಗಳು ಮತ್ತೆ ತೆರೆದ ಮೇಲೆ, 2021ರಲ್ಲಿ, ರಾಯಚೂರು ಜಿಲ್ಲೆಯ ಹಳ್ಳಿಯೊಂದರಿಂದ ಮುಖ್ಯಶಿಕ್ಷಕರೊಬ್ಬರು ಫೋನ್ ಮಾಡಿದರು. ಒಬ್ಬ ಹುಡುಗಿ ಒಬ್ಬಳೇ ಬಂದು ಪ್ಲಾಸ್ಟಿಕ್ ಚೀಲ ಮೇಜಿನ ಮೇಲಿಟ್ಟು ನಿಂತಿದ್ದಾಳೆ, ಏಳನೇ ತರಗತಿಗೆ ಸೇರಿಸಿ ಎನ್ನುತ್ತಿದ್ದಾಳೆ, ಲೆಕ್ಕ ಸರಿಯೇ ಎಂದು ಕೇಳಿದರು.

ಸರಿ ಎಂದೆ. ಆ ಚೀಟಿಯನ್ನು ಅವಳಿಂದಲೇ ಓದಿಸಿ ನೋಡಿ ಎಂದೆ.